ಲಾಗ ಹೊಡೆಯುವ ವಿಮಾನ

ಮಕ್ಕಳೇ, ಈ ಪುಟವನ್ನು ಅವರಿಗೆ ಓದಿ ಹೇಳುವ ಅಜ್ಜ-ಅಜ್ಜಿಯರೇ,

ಕಳೆದ ದಸರಾ ರಜೆಯಲ್ಲಿ ಗೋಕಾಕಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಪಂಚಾಯಿತಿ ನಡೆಯಿತು. ಪಂಚರು ಮೂವರು. ಹುಕ್ಕೇರಿಯಿಂದ ಬಂದಿದ್ದ ದೊಡ್ಡ ಮಗಳ ಮಗ, ಮೂಡಲಗಿಯಿಂದ ಬಂದಿದ್ದ ಸಣ್ಣ ಮಗಳ ಮಗಳು, ಮತ್ತು ಮನೆಯಲ್ಲೇ ಇರುವ ನನ್ನ ಮಗನ ಮಗ. ದೊಡ್ಡವನು ಒಂಬತ್ತನೆಯ ತರಗತಿ, ಹುಡುಗಿ ಏಳನೆಯದು, ಸಣ್ಣವನು ಐದನೆಯದು. ಹಬ್ಬಕ್ಕೆ, ಜಾತ್ರೆಗೆ ಎಂದು ಹಿರಿಯರು ಕೊಟ್ಟ ದುಡ್ಡನ್ನು ಕೂಡಿಟ್ಟು, ಕರದಂಟಿನ ಖಾಲಿ ಡಬ್ಬಿಯಲ್ಲಿ ತುಂಬಿ ನನ್ನ ಮುಂದೆ ತಂದಿಟ್ಟರು.

"ಅಜ್ಜಾ, ರಿಮೋಟಿನ ವಿಮಾನ ತಗೊಳ್ಳೂಣು" ಎಂದ ಸಣ್ಣವ. "ಬರೇ ಹಾರೂದಲ್ಲ. ಲಾಗಾ ಹೊಡೀಬೇಕು. ಬೋರಲಾಗಿ ಹಾರಬೇಕು. ಸೂರ್ಯಕಿರಣದಂಗ!"

ಸೂರ್ಯಕಿರಣ ಎಂದರೆ ನಮ್ಮ ವಾಯುಪಡೆಯ ಕಸರತ್ತಿನ ತಂಡ. 1996ರಲ್ಲಿ ನಮ್ಮ ಬೀದರಿನಲ್ಲೇ ಹುಟ್ಟಿದ್ದು. ಒಂಬತ್ತು ವಿಮಾನಗಳು ಒಂದೇ ದಾರಕ್ಕೆ ಕಟ್ಟಿದ ಹಾಗೆ ಜೊತೆಜೊತೆಯಾಗಿ ಏರುತ್ತವೆ, ಮಗುಚುತ್ತವೆ, ಇಳಿಯುತ್ತವೆ. ಮೊದಲು ಅವರು ಹಾರಿಸುತ್ತಿದ್ದದ್ದು ಬೆಂಗಳೂರಿನ ಎಚ್‌.ಎ.ಎಲ್‌.ನಲ್ಲಿ ರೂಪುಗೊಂಡ ಕಿರಣ್ ವಿಮಾನ. ಈಗ ಹಾಕ್ ಎಂಬ ವಿಮಾನ. ಸಣ್ಣವ ಅದನ್ನು ಮೊಬೈಲಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದಾನೆ.

ಹುಡುಗಿ ಒಂದು ನೋಟುಬುಕ್ಕು ತಂದಿದ್ದಳು. ಅದರಲ್ಲಿ ಐದಾರು ವಿಮಾನಗಳ ಹೆಸರು, ಬೆಲೆ, ತೂಕ ಬರೆದಿಟ್ಟಿದ್ದಳು. "ಇದರಾಗ ಯಾವುದು ಚಲೋ ಅಜ್ಜಾ?" ಎಂದು ಕೇಳಿದಳು.

ದೊಡ್ಡವನು ಮಾತ್ರ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. "ಅವರಿಬ್ಬರಿಗೆ ಕೊಡಸು ಅಜ್ಜಾ. ನನ್ನ ರೊಕ್ಕಾನೂ ಅದರಾಗ ಐತಿ, ತಗೋರಿ. ನಾ ಹಾರಸೂದಿಲ್ಲ" ಎಂದ.

ಯಾಕೆಂದು ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ನಾನೇ ಅವನಿಗೆ ಒಂದು ವಿಮಾನ ತಂದುಕೊಟ್ಟಿದ್ದೆ. ಹಾರಿಸುವುದನ್ನು ಬಿಟ್ಟವರೊಬ್ಬರಿಂದ ಕೊಂಡದ್ದು. ಬಾಲ್ಸಾ ಮರದ ಮೈ, ಕೆಂಪು-ಬಿಳಿ ಪಟ್ಟೆ, ಮೂತಿಯಲ್ಲಿ ಹೊಳೆಯುವ ಎಂಜಿನ್. ಚೆಂದ ಕಂಡಿತು, ತಂದೆ. ಹುಕ್ಕೇರಿಯ ಹೊರಗೆ ಗಾಯರಾಣದಲ್ಲಿ ಎಂಜಿನ್ ಚಾಲೂ ಮಾಡಿ, ಆಗ ಆರನೆಯ ತರಗತಿಯಲ್ಲಿದ್ದ ಹುಡುಗನ ಕೈಗೆ ರಿಮೋಟ್ ಕೊಟ್ಟೆ. ವಿಮಾನ ಇಪ್ಪತ್ತು ಸೆಕೆಂಡು ಹಾರಿತು. ತಿರುಗಿ ನಮ್ಮ ಕಡೆಗೆ ಬರುವಾಗ ಒಂದು ರೆಕ್ಕೆ ಕೆಳಗಾಯಿತು. ಹುಡುಗ ಗಾಬರಿಯಿಂದ ಕಡ್ಡಿ ಎಳೆದ. ಅದು ಇನ್ನಷ್ಟು ಮಗುಚಿ, ಪಕ್ಕದ ಕಬ್ಬಿನೊಳಗೆ ಮೂತಿ ಮುಂದಾಗಿ ಬಿತ್ತು. ಆಳೆತ್ತರದ ಕಬ್ಬಿನಲ್ಲಿ ಒಂದು ತಾಸು ಹುಡುಕಿ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದೆವು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅದೇ ತಪ್ಪಾಯಿತು.

ಆಮೇಲೆ ನಾನು ಓದಿದೆ, ಹಾರಿಸುವವರನ್ನು ಕೇಳಿದೆ. ಏನು ತಪ್ಪಿತೆಂದು ತಿಳಿಯಿತು. ತಿಳಿದದ್ದನ್ನು ಹುಡುಗನಿಗೆ ಹೇಳಲು ಬಾಯಿ ಬರಲಿಲ್ಲ. ಪಂಚಾಯಿತಿಯ ದಿನ ಏಣಿ ಹಾಕಿ ಅಟ್ಟ ಹತ್ತಿ ಆ ಚೀಲವನ್ನೇ ಕೆಳಗಿಳಿಸಿದೆ. ಮಕ್ಕಳ ಆಯಿ, "ಈಗ ಯಾಕ ಅದನ್ನ ತಗೀತೀರಿ?" ಎಂದಳು. "ಪಾಠ ಐತಿ" ಎಂದೆ.

ಮುರಿದ ರೆಕ್ಕೆಯ ತುಂಡೊಂದನ್ನು ಎತ್ತಿ ಅದರ ಕಡಿದ ಬಾಯಿಯನ್ನು ಮೂವರಿಗೂ ತೋರಿಸಿದೆ. "ಇದರ ಆಕಾರ ಹೆಂಗೈತಿ?"

"ಮೀನಿನಂಗ" ಎಂದ ಸಣ್ಣವ. "ಮ್ಯಾಲೂ ಉಬ್ಬು, ಕೆಳಗೂ ಉಬ್ಬು."

ಸರಿಯಾಗಿ ಹೇಳಿದ. ಕಲಿಯುವವರ ವಿಮಾನದ ರೆಕ್ಕೆ ಹಾಗಿರುವುದಿಲ್ಲ. ಅದು ಹೆಂಚಿನ ಮೇಲೆ ಉಬ್ಬಿದ ಜೋಳದ ರೊಟ್ಟಿಯಂತೆ, ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಅಂಥ ರೆಕ್ಕೆ ನಿಧಾನವಾಗಿ ಹೋದರೂ ಗಾಳಿಯಲ್ಲಿ ಚೆನ್ನಾಗಿ ತೇಲುತ್ತದೆ. ಆದರೆ ಬೋರಲು ಹಾಕಿದರೆ ತಡವರಿಸುತ್ತದೆ. ಲಾಗ ಹೊಡೆಯುವ ವಿಮಾನಕ್ಕೆ ಮೇಲೂ ಕೆಳಗೂ ಒಂದೇ ಸಮ ಇರಬೇಕು, ಆಗ ಅಂಗಾತವಾದರೇನು, ಬೋರಲಾದರೇನು, ಹಾರಾಟದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ.

ಎರಡನೆಯದು, ರೆಕ್ಕೆ ಕೂತ ಬಗೆ. ಕಲಿಯುವವರ ವಿಮಾನದಲ್ಲಿ ರೆಕ್ಕೆ ಮೈಯ ಮೇಲಿರುತ್ತದೆ. ತುದಿಗಳು ತುಸು ಮೇಲೆತ್ತಿರುತ್ತವೆ, ಮುಂದಿನಿಂದ ನೋಡಿದರೆ ಅಗಲವಾದ ಬಟ್ಟಲಿನಂತೆ ಕಾಣುತ್ತದೆ. ಒಂದು ಕಡೆ ವಾಲಿದರೆ, ಕಡ್ಡಿ ಬಿಟ್ಟರೂ ತಾನಾಗಿ ನೆಟ್ಟಗಾಗಲು ನೋಡುತ್ತದೆ. ಲಾಗ ಹೊಡೆಯುವ ವಿಮಾನದಲ್ಲಿ ರೆಕ್ಕೆ ಮೈಯ ನಡುವೆಯೋ ಕೆಳಗೋ ನೇರವಾಗಿ, ಅಳತೆಪಟ್ಟಿಯ ಹಾಗೆ ಇರುತ್ತದೆ. ವಾಲಿಸಿದರೆ ವಾಲಿಯೇ ಇರುತ್ತದೆ. ನೀವು ಹೇಳಿದ್ದನ್ನು ಮಾತ್ರ ಕೇಳುತ್ತದೆ. ತಾನಾಗಿ ನಿಮ್ಮನ್ನು ಕಾಪಾಡುವುದಿಲ್ಲ.

ಮೂರನೆಯದು, ತಿರುಗಿಸುವ ಪಟ್ಟಿಗಳು. ರೆಕ್ಕೆಯ ಹಿಂದಿನ ಐಲೆರಾನ್ ವಿಮಾನವನ್ನು ಉರುಳಿಸುತ್ತದೆ. ಬಾಲದ ಅಡ್ಡಪಟ್ಟಿ ಎಲಿವೇಟರ್ ಮೂತಿಯನ್ನು ಏರಿಸಿ ಇಳಿಸುತ್ತದೆ. ಬಾಲದ ನಿಲುಪಟ್ಟಿ ರಡ್ಡರ್ ಮೂತಿಯನ್ನು ಎಡಬಲಕ್ಕೆ ಹೊರಳಿಸುತ್ತದೆ. ಕಲಿಯುವ ವಿಮಾನದಲ್ಲಿ ಇವು ಸಣ್ಣವು. ಲಾಗದ ವಿಮಾನದಲ್ಲಿ ಅಂಗೈ ಅಗಲ. ಹೆಬ್ಬೆರಳು ತುಸು ಅಲುಗಿದರೂ ವಿಮಾನ ಹೊರಳುತ್ತದೆ.

ಅಲ್ಲಿಯವರೆಗೆ ಕಂಬಕ್ಕೆ ಒರಗಿದ್ದ ದೊಡ್ಡವನು ಹತ್ತಿರ ಬಂದು ಕೂತು ಆ ತುಂಡನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ತಿರುಗಿಸಿ ನೋಡಿದ. "ಅಂದ್ರ ಇದು ಕಲಿಯೂ ವಿಮಾನ ಅಲ್ಲಾ?" ಎಂದ.

"ಅಲ್ಲಪಾ. ಹಾರಸಾಕ ಬರವರು ಲಾಗಾ ಹೊಡಿಯೂ ವಿಮಾನ ಇದು. ಬಣ್ಣಾ ನೋಡಿ ತಂದೆ. ಸೈಕಲ್ ಹೊಡಿಯಾಕ ಬರದ ಹುಡುಗನ್ನ ಓಡೂ ಕುದರಿ ಮ್ಯಾಲ ಕುಂಡ್ರಿಸಿದಂಗಾತು. ತಪ್ಪು ನಂದು, ನಿಂದಲ್ಲ."

ಅವನು ಏನೂ ಹೇಳಲಿಲ್ಲ. ರೆಕ್ಕೆಯ ತುಂಡನ್ನು ಕೆಳಗಿಡಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಹಂಗಾರ ಕಬ್ಬಿನ್ಯಾಗ ಬೀಳೂ ಮುಂದ ನಾ ಏನ ಮಾಡಬೇಕಾಗಿತ್ತು?" ಎಂದು ಕೇಳಿದ. ಅವನು ಮೂರು ವರ್ಷ ಈ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡಿದ್ದನೆಂದು ಆಗ ತಿಳಿಯಿತು.

ಉತ್ತರ ಸುಲಭವಿದೆ, ಮಕ್ಕಳೇ, ನೀವೂ ನೆನಪಿಡಿ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲ ನಮ್ಮ ಬಲವೇ. ನಮ್ಮ ಕಡೆಗೆ ಬರುವಾಗ ಅದರ ಬಲ ನಮ್ಮ ಎಡವಾಗುತ್ತದೆ. ಎದುರಿಗೆ ನಿಂತವರ ಕೈ ಕುಲುಕುವಾಗ ಆಗುವ ಹಾಗೆ. ಆಗ ತಲೆಯಲ್ಲಿ ಎಡಬಲದ ಲೆಕ್ಕ ಹಾಕುತ್ತ ಕೂರಬಾರದು. ಯಾವ ರೆಕ್ಕೆ ಕೆಳಗಾಗಿದೆಯೋ ಆ ಕಡೆಗೆ ಕಡ್ಡಿ ಸರಿಸಬೇಕು. ಬೀಳುತ್ತಿರುವ ಗೋಡೆಗೆ ಗೂಟ ಕೊಟ್ಟ ಹಾಗೆ, ಕೆಳಗಾದ ರೆಕ್ಕೆಗೆ ಕಡ್ಡಿಯ ಆಸರೆ.

ಇನ್ನು ಎಂಜಿನ್ನಿನ ಮಾತು. ಚೀಲದಲ್ಲಿದ್ದ ಹಳೆಯ ಎಂಜಿನ್ 7.5 ಸಿ.ಸಿ. ಅಳತೆಯ ಗ್ಲೋ ಎಂಜಿನ್. ಇದರ ಇಂಧನ ಪೆಟ್ರೋಲ್ ಅಲ್ಲ. ಮೆಥನಾಲ್, ಅದರ ಜೊತೆ ಔಡಲ ಎಣ್ಣೆ ಅಥವಾ ಬೇರೆ ಎಣ್ಣೆ, ತುಸು ನೈಟ್ರೋಮೀಥೇನ್. ಚಾಲೂ ಆದರೆ ಸದ್ದೂ ಚೆಂದ, ಹೊಗೆಯ ವಾಸನೆಯೂ ಚೆಂದ. ಬಾಟ್ಲಿ ಇಂಧನ ಇದ್ದಷ್ಟು ಹೊತ್ತು ಮತ್ತೆ ಮತ್ತೆ ತುಂಬಿ ಹಾರಿಸಬಹುದು. ಆದರೆ ಮೆಥನಾಲ್ ವಿಷ, ಅದರ ಬೆಂಕಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ನಮ್ಮಂಥ ಊರಿನಲ್ಲಿ ಈ ಇಂಧನ ಅಂಗಡಿಯಲ್ಲಿ ಸಿಗುವುದಿಲ್ಲ. ಸೂಜಿ ತಿರುವಿ ಇಂಧನದ ಹದ ಹಿಡಿಯಲು ಅನುಭವ ಬೇಕು, ಹದ ತಪ್ಪಿದರೆ ಲಾಗದ ತುದಿಯಲ್ಲಿ ಎಂಜಿನ್ ನಿಂತೇ ಬಿಡುತ್ತದೆ. ಎಣ್ಣೆ ಚಿಮ್ಮಿ ಮೈಯೆಲ್ಲ ಅಂಟು. ಹಿರಿಯರು ಜೊತೆಗಿದ್ದು ಕಲಿಸುವ ಕಡೆ ಅದು ಬಹಳ ಒಳ್ಳೆಯ ಎಂಜಿನ್. ನಮ್ಮ ಮನೆಯ ಮೂವರಿಗೆ ಬ್ಯಾಟರಿಯ ಮೋಟರೇ ಸರಿ ಎಂದೆ.

"ಮೋಟರಿಗೆ ಅಷ್ಟ ತಾಕತ್ತ ಇರತೈತೇನ?" ಎಂದು ದೊಡ್ಡವನು ಅನುಮಾನಪಟ್ಟ.

ಹುಡುಗಿ ನೋಟುಬುಕ್ಕು ತೆರೆದಳು. ಲೆಕ್ಕ ಇಲ್ಲಿಂದ ಶುರುವಾಯಿತು. ಹಾರಿಸುವವರು ಬಳಸುವ ಒಂದು ಅಂದಾಜು ಇದೆ. ಸುಮ್ಮನೆ ಹಾರಲು ವಿಮಾನದ ತೂಕದ ಪ್ರತಿ ಕಿಲೋಗೆ 220 ವಾಟ್ ಸಾಕು. ಲಾಗ, ಉರುಳು ಮುಂತಾದ ಕಸರತ್ತಿಗೆ ಕಿಲೋಗೆ 330 ವಾಟ್ ಬೇಕು. ಮೂತಿ ಆಕಾಶಕ್ಕೆ ಮಾಡಿ ಗಾಳಿಯಲ್ಲೇ ನಿಲ್ಲಿಸುವ ಆಟಕ್ಕೆ 440 ವಾಟ್ ಅಥವಾ ಇನ್ನೂ ಹೆಚ್ಚು. ವಾಟ್ ಎಂದರೆ ವೋಲ್ಟ್ ಗುಣಿಸು ಆಂಪಿಯರ್. ಮೂರು ಕೋಶದ ಲಿಥಿಯಂ ಪಾಲಿಮರ್ ಬ್ಯಾಟರಿ, ಚಿಕ್ಕದಾಗಿ ಲಿಪೊ, 11.1 ವೋಲ್ಟ್ ಕೊಡುತ್ತದೆ. ಮೋಟರು 30 ಆಂಪಿಯರ್ ಎಳೆದರೆ 333 ವಾಟ್.

"ಒಂದು ಕಿಲೋ ವಿಮಾನಕ್ಕ ಬರೋಬ್ಬರಿ ಆತು!" ಎಂದಳು ಹುಡುಗಿ. ಅಡುಗೆಮನೆಯಿಂದ ಆಯಿ, "ನಮ್ಮ ಮಿಕ್ಸರ್ ಮ್ಯಾಲ 500 ವಾಟ್ ಅಂತ ಬರದಾರ. ಅದೂ ಹಾರತೈತೇನು?" ಎಂದು ಕೇಳಿದಳು. ಹಾರಲಾರದು, ಯಾಕೆಂದರೆ ಮಿಕ್ಸರ್ ಮೂರ್ನಾಲ್ಕು ಕಿಲೋ ಭಾರ. ಆಯಿಯ ಪ್ರಶ್ನೆಯಲ್ಲೇ ಪಾಠವಿತ್ತು. ತಾಕತ್ತು ಎಷ್ಟಿದೆ ಎನ್ನುವುದಷ್ಟೇ ಸಾಲದು, ಎಷ್ಟು ಭಾರಕ್ಕೆ ಎಷ್ಟು ತಾಕತ್ತು ಎಂದು ಕೇಳಬೇಕು.

ತೂಕಕ್ಕೆ ಇನ್ನೊಂದು ಲೆಕ್ಕವಿದೆ. ರೆಕ್ಕೆಯ ಪ್ರತಿ 100 ಚದರ ಸೆಂಟಿಮೀಟರಿನ ಮೇಲೆ ಎಷ್ಟು ಗ್ರಾಂ ಕೂತಿದೆ? ಹಳೆಯ ವಿಮಾನದ ರೆಕ್ಕೆ ಉದ್ದ 140 ಸೆಂಟಿಮೀಟರ್, ಅಗಲ 28. ಗುಣಿಸಿದರೆ 3,920 ಚದರ ಸೆಂಟಿಮೀಟರ್. ತೂಕ ಎರಡೂವರೆ ಕಿಲೋ. ಭಾಗಿಸಿದರೆ ಸುಮಾರು 64 ಗ್ರಾಂ. ಹುಡುಗಿಯ ಪಟ್ಟಿಯಲ್ಲಿದ್ದ ಫೋಮ್ ವಿಮಾನದ ರೆಕ್ಕೆ 100 ಸೆಂಟಿಮೀಟರ್ ಉದ್ದ, 24 ಅಗಲ. ತೂಕ ಒಂದು ಕಿಲೋ. ಭಾಗಿಸಿದರೆ ಸುಮಾರು 42 ಗ್ರಾಂ. ದೊಡ್ಡ ವಿಮಾನ ತುಸು ಹೆಚ್ಚಿನ ಹೊರೆ ತಾಳಿಕೊಳ್ಳುತ್ತದೆ, ನಿಜ. ಆದರೂ ಹೊರೆ ಹೆಚ್ಚಿದಷ್ಟೂ ವಿಮಾನ ಬೀಳದಿರಲು ವೇಗವಾಗಿ ಓಡಲೇಬೇಕು. ವೇಗ ಹೆಚ್ಚಿದಷ್ಟೂ ಯೋಚಿಸಲು ನಮಗೆ ಸಿಗುವ ಹೊತ್ತು ಕಡಿಮೆ.

"ಅಜ್ಜಾ, ಗೋಕಾಕದ ಗೊಂಬಿ ಮಾಡೂ ಮರಾನೂ ಹಗೂರ ಅಲ್ಲಾ? ಅದರಲೇ ವಿಮಾನ ಮಾಡಬಹುದೇನು?" ಎಂದ ಸಣ್ಣವ. ನಮ್ಮ ಗೋಕಾಕಿನ ಕುಶಲಕರ್ಮಿಗಳು ಹಗುರ ಮರ ಕೆತ್ತಿ ಬಣ್ಣ ಬಳಿದು ಮಾಡುವ ಹಣ್ಣು, ಗೊಂಬೆಗಳನ್ನು ನೀವು ನೋಡಿರಬಹುದು. ನಿಜವಾದ ಹಣ್ಣೆಂದು ಕಚ್ಚಲು ಹೋದವರಿದ್ದಾರೆ. ಆದರೆ ವಿಮಾನದ ಬಾಲ್ಸಾ ಮರ ಬೇರೆ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ ಹೆಚ್ಚಾಗಿ ಬರುತ್ತದೆ. ಒಂದೇ ಗಾತ್ರದ ಸಾಗವಾನಿ ತುಂಡಿನ ಪಕ್ಕದಲ್ಲಿ ಬಾಲ್ಸಾ ತುಂಡಿಟ್ಟು ತೂಗಿದರೆ ಸುಮಾರು ನಾಲ್ಕನೆಯ ಒಂದು ಪಾಲು ತೂಗುತ್ತದೆ. ಎನ್‌.ಸಿ.ಸಿ. ವಾಯು ವಿಭಾಗದ ಕೆಡೆಟ್‌ಗಳು ಮಾದರಿ ವಿಮಾನ ಕಟ್ಟಲು ಕಲಿಯುವುದೂ ಹೆಚ್ಚಾಗಿ ಈ ಮರದಿಂದಲೇ. ಬಾಲ್ಸಾ ಬಿಗಿಯಾಗಿ ನಿಲ್ಲುತ್ತದೆ, ಚೆನ್ನಾಗಿ ಹಾರುತ್ತದೆ, ಬಿದ್ದರೆ ಚೂರಾಗುತ್ತದೆ. ಫೋಮ್ ಬಿದ್ದರೆ ಬಾಗುತ್ತದೆ, ಮುರಿದರೂ ಅಂಟು ಹಚ್ಚಿ ಅದೇ ಸಂಜೆ ಮತ್ತೆ ಹಾರಿಸಬಹುದು. ಆದ್ದರಿಂದ ಮೊದಲಿಗೆ ಫೋಮ್.

ಈಗ ಪಂಚಾಯಿತಿಯ ಮುಖ್ಯ ಜಗಳ. ಕಲಿಯುವ ವಿಮಾನ ಕೊಂಡರೆ ಲಾಗದ ವಿಮಾನಕ್ಕೆ ದುಡ್ಡಿಲ್ಲ. ಲಾಗದ ವಿಮಾನ ಕೊಂಡರೆ ಮತ್ತೆ ಕಬ್ಬಿನ ಪಾಲು. ಸಣ್ಣವ ಅಳುವುದೊಂದು ಬಾಕಿ. ನಾನು ವಾಯುಪಡೆಯ ಕತೆಯನ್ನೇ ಹೇಳಿದೆ. ಡಾ. ವಿ.ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲಿ ರೂಪಿಸಿದ ಎಚ್‌ಟಿ-2 ವಿಮಾನ 1951ರಲ್ಲಿ ಮೊದಲ ಸಲ ಹಾರಿತು. ನಮ್ಮ ದೇಶದಲ್ಲೇ ರೂಪಿಸಿ ಕಟ್ಟಿದ ಮೊದಲ ವಿಮಾನವದು, ಕಲಿಯುವವರಿಗಾಗಿ ಮಾಡಿದ್ದು. ಕಿರಣ್ ಮೊದಲು ಹಾರಿದ್ದು 1964ರಲ್ಲಿ. ಎಷ್ಟೋ ಪೈಲಟ್‌ಗಳು ಮೊದಲು ಎಚ್‌ಟಿ-2ರಲ್ಲಿ ಕಲಿತು ಆಮೇಲೆ ಕಿರಣ್ ಏರಿದರು. ಕಸರತ್ತು ಮಾಡುವವರೂ ಒಂದು ಕಾಲದಲ್ಲಿ ನೆಟ್ಟಗೆ ಹಾರುವುದನ್ನು ಕಲಿತವರೇ.

"ಅಜ್ಜಾ, ಮೋಟರು ಬ್ಯಾಟರಿ ಎರಡಕ್ಕೂ ಬ್ಯಾರೆ ಬ್ಯಾರೆ ಬೇಕೇನು?" ಎಂದು ಹುಡುಗಿ ಕೇಳಿದ್ದು ಆಗ. ಜಗಳ ಅಲ್ಲಿಗೆ ಮುಗಿಯಿತು.

ಬೇಕಿಲ್ಲ! ದುಡ್ಡಿನಲ್ಲಿ ಹೆಚ್ಚು ಪಾಲು ತಿನ್ನುವುದು ರಿಮೋಟ್, ಮೋಟರು, ಅದರ ವೇಗ ಹಿಡಿತದ ಪೆಟ್ಟಿಗೆ, ಬ್ಯಾಟರಿ, ಚಾರ್ಜರ್. ಫೋಮಿನ ಮೈ ಅಷ್ಟು ದುಬಾರಿಯಲ್ಲ. ಆದ್ದರಿಂದ ಮೊದಲು ಲಾಗದ ವಿಮಾನಕ್ಕೆ ಏನು ಬೇಕೆಂದು ಲೆಕ್ಕ ಹಾಕಿ, ಆ ಮೋಟರು, ಆ ಬ್ಯಾಟರಿ, ಆ ರಿಮೋಟನ್ನೇ ಕೊಳ್ಳಬೇಕು. ಅದನ್ನು ಅಷ್ಟೇ ತೂಕದ ಕಲಿಯುವ ವಿಮಾನದಲ್ಲಿ ಕೂರಿಸಿ ಕಲಿಯಬೇಕು. ಕಲಿತ ಮೇಲೆ ತಿರುಪು ಬಿಚ್ಚಿ ಎರಡನೆಯ ಮೈಗೆ ಹಾಕಬೇಕು. ಜೀವ ಒಂದು, ಮೈ ಎರಡು. ಹುಡುಗಿಯ ನೋಟುಬುಕ್ಕಿನಲ್ಲಿ ಕೊನೆಗೆ ಉಳಿದ ಪಟ್ಟಿ ಇದು.

ಮೋಟರು: ಬ್ರಷ್ ಇಲ್ಲದ ಬಗೆಯದು, ಒಂದು ವೋಲ್ಟಿಗೆ ನಿಮಿಷಕ್ಕೆ ಸುಮಾರು 1,000 ಸುತ್ತು ತಿರುಗುವಂಥದ್ದು. ವೇಗ ಹಿಡಿತದ ಪೆಟ್ಟಿಗೆ: ಮೋಟರು ಎಳೆಯುವುದು 30 ಆಂಪಿಯರ್, ಆದ್ದರಿಂದ 40 ಆಂಪಿಯರ್ ತಾಳುವಂಥದ್ದು. ಬ್ಯಾಟರಿ: 11.1 ವೋಲ್ಟ್, 2,200 ಮಿಲಿ ಆಂಪಿಯರ್ ಅವರ್, ಎರಡು. ರಿಮೋಟ್: 2.4 ಗಿಗಾಹರ್ಟ್ಜ್, ಆರು ಚಾನೆಲ್. ನಾಲ್ಕು ಚಾನೆಲ್‌ನಲ್ಲಿ ಕೆಲಸ ನಡೆಯುತ್ತದೆ, ಆದರೆ ಆರರದ್ದು ಮುಂದಕ್ಕೂ ಬರುತ್ತದೆ. ಅದರಲ್ಲಿ ಎರಡು ವಿಮಾನಗಳ ನೆನಪು ಬೇರೆ ಬೇರೆ ಇಡಲು ಬರಬೇಕು. ಪಟ್ಟಿಗಳ ಅಲುಗಾಟವನ್ನು ಕಡಿಮೆ ಮಾಡುವ ಗುಂಡಿಯೊಂದು ಇರಬೇಕು. ಸಂಪರ್ಕ ತಪ್ಪಿದರೆ ಮೋಟರು ತಾನಾಗಿ ನಿಲ್ಲುವಂತಿರಬೇಕು.

ಪಂಕ: 10 ಗುಣಿಸು 5. ಮೊದಲ ಅಂಕಿ ಪಂಕದ ಅಗಲ, ಇಂಚಿನಲ್ಲಿ. ಎರಡನೆಯದು ಒಂದು ಸುತ್ತಿಗೆ ಅದು ಗಾಳಿಯಲ್ಲಿ ಎಷ್ಟು ಇಂಚು ಮುಂದೆ ಕೊರೆಯಬೇಕೆಂಬ ಲೆಕ್ಕ. ಎರಡನೆಯ ಅಂಕಿ ದೊಡ್ಡದಿದ್ದರೆ ಓಟ ಹೆಚ್ಚು. ಮೊದಲನೆಯದು ದೊಡ್ಡದಿದ್ದು ಎರಡನೆಯದು ಸಣ್ಣದಿದ್ದರೆ ಎಳೆತ ಹೆಚ್ಚು. ಕಬ್ಬಿನ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಏರಿನಲ್ಲಿ ಮೊದಲ ಗೇರಿಗೆ ಬರುವುದಿಲ್ಲವೇ? ಲಾಗದ ವಿಮಾನವೂ ಏರಿನ ಗಾಡಿಯೇ. ಅದಕ್ಕೆ ಎಳೆತ ಬೇಕು. ಪಂಕ ಬದಲಿಸಿದರೆ ಮೋಟರು ಎಳೆಯುವ ಆಂಪಿಯರೂ ಬದಲಾಗುತ್ತದೆ, ಆದ್ದರಿಂದ ಮೋಟರು ತಯಾರಿಸಿದವರು ಹೇಳಿದ ಅಳತೆ ಮೀರಬೇಡಿ.

ಎಳೆತ ಸಾಕೇ ಎಂದು ತಿಳಿಯಲು ವಿಮಾನದ ಬಾಲಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಅದನ್ನು ಗೂಟಕ್ಕೆ ಬಿಗಿದು ಮೋಟರು ಪೂರಾ ಬಿಡಬೇಕು. ತಕ್ಕಡಿ ವಿಮಾನದ ತೂಕಕ್ಕಿಂತ ಹೆಚ್ಚು ತೋರಿಸಿದರೆ ಅದು ನೆಟ್ಟಗೆ ಮೇಲೇರಬಲ್ಲದು. ಈ ಕೆಲಸ ಹಿರಿಯರದು. ತಿರುಗುವ ಪಂಕ ಬೆರಳು ಕತ್ತರಿಸುತ್ತದೆ. ಅದರ ಮುಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು. ಮನೆಯೊಳಗೆ ಪರೀಕ್ಷಿಸುವಾಗ ಪಂಕ ಬಿಚ್ಚಿಟ್ಟಿರಬೇಕು.

ಅಜ್ಜ-ಅಜ್ಜಿಯರಿಗೆ ಇನ್ನೊಂದು ಮಾತು. ಲಿಪೊ ಬ್ಯಾಟರಿ ಮೊಬೈಲಿನ ಬ್ಯಾಟರಿಯಷ್ಟು ಸಾಧು ಅಲ್ಲ. ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು. ಒಂದೊಂದು ಕೋಶ ತುಂಬಿದಾಗ 4.2 ವೋಲ್ಟ್, ಅದಕ್ಕಿಂತ ಮೇಲೆ ಹೋಗಬಾರದು. ಹಾರಿಸುವಾಗ ಸುಮಾರು 3.5ಕ್ಕೆ ಬಂದರೆ ಇಳಿಸಬೇಕು. ನಾವು ಅಂಗಳದ ಕಲ್ಲಿನ ಮೇಲೆ, ಕಣ್ಣೆದುರೇ ಚಾರ್ಜಿಗೆ ಇಡುತ್ತೇವೆ. ಹಾಸಿಗೆಯ ಮೇಲಿಲ್ಲ, ರಾತ್ರಿ ಮಲಗಿದಾಗ ಇಲ್ಲವೇ ಇಲ್ಲ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಬಾರದು.

ಸಾಮಾನು ಬಂದ ಮೇಲೆ ಸಮತೂಕ ನೋಡಿದೆವು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ವಿಮಾನದ ತೂಕ ತೂಗಬೇಕು. 24 ಸೆಂಟಿಮೀಟರ್ ಅಗಲದ ರೆಕ್ಕೆಗೆ 6ರಿಂದ 8 ಸೆಂಟಿಮೀಟರ್. ಅಲ್ಲಿ ಎರಡು ಬೆರಳ ಮೇಲೆ ಎತ್ತಿ ಹಿಡಿದರೆ ವಿಮಾನ ನೆಟ್ಟಗೆ ನಿಲ್ಲಬೇಕು. ಬಾಲ ಭಾರವಾದ ವಿಮಾನವನ್ನು ಹಿಡಿಯುವುದು ಕಷ್ಟ. ಅನುಮಾನವಿದ್ದರೆ ಬ್ಯಾಟರಿ ತುಸು ಮುಂದಕ್ಕೆ ಸರಿಸಿ.

ಎಲ್ಲಿ ಹಾರಿಸುವುದು? ಹಿಡಕಲ್ ಅಣೆಕಟ್ಟೆಯ ಹತ್ತಿರ ಬಯಲಿದೆ ಎಂದ ದೊಡ್ಡವ. ಗೋಕಾಕ ಫಾಲ್ಸ್ ಮೇಲಿಂದ ಹಾರಿಸಿದರೆ ಚೆಂದ ಎಂದ ಸಣ್ಣವ. ಎರಡೂ ಬೇಡವೆಂದೆ. ಅಣೆಕಟ್ಟು, ಜನರು ಸೇರುವ ಜಾಗ, ತೂಗುಸೇತುವೆ, ವಿದ್ಯುತ್ ತಂತಿ, ರಸ್ತೆ ಇವುಗಳ ಹತ್ತಿರ ಹಾರಿಸಬಾರದು. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳ ಮಾತನ್ನೂ ಆಡುತ್ತವೆ. ವಿಮಾನ ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕಾಶೆಯಲ್ಲಿ ಹಸಿರು, ಹಳದಿ, ಕೆಂಪು ಎಂದು ವಲಯಗಳಿವೆ. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್ ಒಳಗೆ ಹಾರಬೇಕು. ಬೆಳಗಾವಿಯ ಸಾಂಬ್ರಾದಂಥ ವಿಮಾನ ನಿಲ್ದಾಣದ ಸುತ್ತಿನವರು ನಕಾಶೆ ನೋಡದೆ ಹೊರಡಲೇಬಾರದು. ಕೊನೆಗೆ ಮೂಡಲಗಿಯಲ್ಲಿ ಹುಡುಗಿಯ ಮನೆಯವರ ಹೊಲವೇ ಗೊತ್ತಾಯಿತು. ಪಕ್ಕದ ಹೊಲದವರನ್ನೂ ಕೇಳಿಕೊಂಡೆವು.

ದಸರಾದಿಂದ ದೀಪಾವಳಿಯವರೆಗೆ ಕಂಪ್ಯೂಟರಿನ ಸಿಮ್ಯುಲೇಟರ್‌ನಲ್ಲಿ ಮಾತ್ರ ಹಾರಾಟ. ಅಲ್ಲಿ ಬಿದ್ದರೆ ಅಂಟು ಬೇಕಿಲ್ಲ. ದೊಡ್ಡವ ನೂರು ಸಲ ಬೀಳಿಸಿದನಂತೆ, ಫೋನಿನಲ್ಲಿ ಹೇಳಿ ನಕ್ಕ. ದೀಪಾವಳಿಗೆ ಕಲಿಯುವ ವಿಮಾನ ಏರಿತು. ಸಂಕ್ರಾಂತಿಯ ಹೊತ್ತಿಗೆ ಮೂವರೂ ಇಳಿಸಲು ಕಲಿತರು. ಏರಿಸುವುದು ಸುಲಭ, ಮಕ್ಕಳೇ. ಹತ್ತು ಸಲ ಸರಿಯಾಗಿ ಇಳಿಸಿದವರಿಗೆ ಲಾಗದ ವಿಮಾನ ಎಂದು ನಾನು ಕಟ್ಟಳೆ ಹಾಕಿದ್ದೆ.

ಮಾರ್ಚಿಯಲ್ಲಿ ಜೀವ ಎರಡನೆಯ ಮೈಗೆ ಬಂತು. ಹಿಂದಿನ ರಾತ್ರಿ ಅಂಗಳದಲ್ಲಿ ಮಲಗಿ ನೆಸ್ಟೆರೋವ್ ಕತೆ ಹೇಳಿದೆ. ಪ್ಯೋತ್ರ್ ನೆಸ್ಟೆರೋವ್ ರಷ್ಯಾದ ಸೇನೆಯ ಪೈಲಟ್. 1913ರ ಸೆಪ್ಟೆಂಬರಿನಲ್ಲಿ ಕೀವ್ ನಗರದ ಮೇಲೆ ಜಗತ್ತಿನಲ್ಲೇ ಮೊದಲ ಲಾಗ ಹೊಡೆದ. ವಿಮಾನ ಯಾವ ಕಡೆ ತಿರುಗಿದರೂ ಗಾಳಿ ಆಸರೆ ಕೊಡುತ್ತದೆಂದು ಅವನ ನಂಬಿಕೆ. ಇಳಿದ ಮೇಲೆ ಏನಾಯಿತು ಗೊತ್ತೇ? ಸರ್ಕಾರದ ವಿಮಾನವನ್ನು ಅಪಾಯಕ್ಕೆ ಒಡ್ಡಿದನೆಂದು ಹತ್ತು ದಿನ ಬಂಧನದ ಶಿಕ್ಷೆ ಕೊಟ್ಟರು! ಆಮೇಲೆ ಶಿಕ್ಷೆ ತೆಗೆದು ಬಡ್ತಿ ಕೊಟ್ಟರು.

"ನಾ ಬೀಳಸಿದ್ರ ಎಷ್ಟು ದಿನ ಶಿಕ್ಷಾ ಅಜ್ಜಾ?" ಎಂದ ದೊಡ್ಡವ, ಕತ್ತಲೆಯಲ್ಲಿ.

"ಅಂಟು ಹಚ್ಚೂ ಶಿಕ್ಷಾ" ಎಂದೆ.

ಬೆಳಿಗ್ಗೆ ಗಾಳಿ ಏಳುವ ಮುನ್ನ ಹೊಲಕ್ಕೆ ಹೋದೆವು. ಕಬ್ಬು ಕಡಿದು, ಕುಳೆ ತೆಗೆದು, ಹರಗಿ ಬಿಟ್ಟ ಎರೆ ಹೊಲ, ಬಿದ್ದರೂ ಮೆತ್ತಗೆ. ಹುಡುಗಿ ಪಟ್ಟಿಗಳು ಸರಿಯಾಗಿ ಅಲುಗುತ್ತವೆಯೇ ಎಂದು ಒಂದೊಂದನ್ನೇ ನೋಡಿದಳು. ಸಣ್ಣವ ರಿಮೋಟ್ ಹಿಡಿದು ದೂರ ನಡೆದು ಸಂಪರ್ಕ ಪರೀಕ್ಷಿಸಿದ. ನಾನು ಕೈಯಿಂದ ವಿಮಾನ ಬಿಟ್ಟೆ. ದೊಡ್ಡವ ಅದನ್ನು ಮೇಲೇರಿಸಿದ, ಮೂರು ಸಲ ತಪ್ಪಿದರೂ ನೆಲ ಮುಟ್ಟದಷ್ಟು ಎತ್ತರಕ್ಕೆ. ಎರಡು ಸುತ್ತು ಸುಮ್ಮನೆ ಹಾರಿಸಿದ. ನಮ್ಮ ಕಡೆಗೆ ಬರುವಾಗ ಒಂದು ರೆಕ್ಕೆ ಕೆಳಗಾಯಿತು. ನನ್ನ ಉಸಿರು ನಿಂತಿತು. ಅವನ ಹೆಬ್ಬೆರಳು ಕೆಳಗಾದ ರೆಕ್ಕೆಯ ಕಡೆಗೆ ಮೆಲ್ಲಗೆ ಸರಿಯಿತು. ವಿಮಾನ ನೆಟ್ಟಗಾಯಿತು.

"ಹೊಡೀಲಾ ಅಜ್ಜಾ?" ಎಂದ.

ರೆಕ್ಕೆ ನೇರ ಮಾಡು, ಮೋಟರು ಪೂರಾ ಬಿಡು, ಎಲಿವೇಟರ್ ಮೆಲ್ಲಗೆ ಎಳೆ, ತುದಿಯಲ್ಲಿ ತುಸು ಸಡಿಲಿಸು, ಇಳಿಯುವಾಗ ಮೋಟರು ತಗ್ಗಿಸು, ನೆಲಕ್ಕೆ ಸಮನಾದಾಗ ಬಿಡು. ಇದೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ವಿಮಾನ ಮೂತಿ ಎತ್ತಿತು, ಬೆನ್ನು ಕೆಳಗೆ ಮಾಡಿ ಒಂದು ಗಳಿಗೆ ಆಕಾಶಕ್ಕೆ ಅಂಟಿಕೊಂಡಂತೆ ಕಂಡಿತು, ಇಳಿದು ಮತ್ತೆ ನೇರವಾಯಿತು. ಲಾಗ ಗುಂಡಗಿರಲಿಲ್ಲ. ಬದನೆಕಾಯಿಯ ಹಾಗೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಸಣ್ಣವನು ಮಾತ್ರ ಸೂರ್ಯಕಿರಣ, ಸೂರ್ಯಕಿರಣ ಎಂದು ಹೊಲದ ತುಂಬ ಕುಣಿದ.

ದೊಡ್ಡವ ಇಳಿಸಿ, ಬ್ಯಾಟರಿ ಬದಲಿಸಿ, ರಿಮೋಟನ್ನು ಹುಡುಗಿಯ ಕೈಗಿಟ್ಟ. "ತಗೋ ತಂಗಿ, ಇನ್ನ ನಿನ್ನ ಪಾಳಿ. ಬಾಜೂಕ ನಿಂದರತೀನಿ" ಎಂದ. ಮೂರು ವರ್ಷದ ಹಿಂದೆ ನಾನು ಅವನ ಪಕ್ಕ ನಿಂತು ಹೇಳಬೇಕಾಗಿದ್ದ ಮಾತದು.

ಈ ವಾರದ ಲೆಕ್ಕ: ಒಂದು ಲಾಗದ ವಿಮಾನದ ತೂಕ 1.4 ಕಿಲೋ. ಕಿಲೋಗೆ 330 ವಾಟ್ ಬೇಕು. ನಾಲ್ಕು ಕೋಶದ ಬ್ಯಾಟರಿ 14.8 ವೋಲ್ಟ್ ಕೊಡುತ್ತದೆ. ಹಾಗಾದರೆ ಮೋಟರಿಗೆ ಎಷ್ಟು ವಾಟ್ ಬೇಕು, ಅದು ಎಷ್ಟು ಆಂಪಿಯರ್ ಎಳೆಯುತ್ತದೆ? ಲೆಕ್ಕ ಮಾಡಿ ಅಜ್ಜನಿಗೋ ಅಜ್ಜಿಗೋ ತೋರಿಸಿ. ಉತ್ತರ ಮುಂದಿನ ವಾರ.